ಸದ್ದಿನ ವಿಳಾಸ

ಯಂತ್ರದಿಂದ ಹೊರಡುವ ಬೇಡದ ಸದ್ದುಗಳೆಲ್ಲ ಒಂದೇ ಬಗೆಯವಲ್ಲ. ಒಂದು ಗುಂಯ್ ಎನ್ನುತ್ತದೆ, ಇನ್ನೊಂದು ಚಟಪಟ ಸಿಡಿಯುತ್ತದೆ, ಮತ್ತೊಂದು ವಾಲ್ವನ್ನು ಮೆಲ್ಲನೆ ತಟ್ಟಿದರೆ ಗಂಟೆಯಂತೆ ಮಿಡಿಯುತ್ತದೆ. ತಾಳ್ಮೆಯಿಂದ ಕಿವಿಗೊಟ್ಟರೆ ಪ್ರತಿಯೊಂದೂ ತಾನು ಹುಟ್ಟಿದ ಮನೆಯ ವಿಳಾಸವನ್ನು ತಾನೇ ಹೇಳುತ್ತದೆ.

ನಿವೃತ್ತಿಯ ನಂತರ ಸೊಲ್ಲಾಪುರದ ನಮ್ಮ ಮನೆಯಲ್ಲಿ ನಾನೊಂದು ವಾಲ್ವ್ ಆಂಪ್ಲಿಫೈಯರ್ ಕಟ್ಟಿದೆ. ಧಾರವಾಡ ಆಕಾಶವಾಣಿಯನ್ನು ನಮಗೆ ಕೇಳಿಸುತ್ತಿದ್ದ ತಂದೆಯವರ ವಾಲ್ವ್ ರೇಡಿಯೊದ ತುಂಬುದನಿ ಕಿವಿಯಲ್ಲಿ ಉಳಿದಿದ್ದುದು ಒಂದು ಕಾರಣ. 1980ರ ದಶಕದಲ್ಲಿ ಅಣ್ಣ ಮುದ್ರಿಸಿಕೊಂಡಿದ್ದ ಕ್ಯಾಸೆಟ್ ಇನ್ನೊಂದು ಕಾರಣ. ಅದರಲ್ಲಿ ಅವ್ವ ಹಾಡಿದ ಬೀಸುವ ಪದಗಳಿವೆ. ಮರಾಠಿ ಶಾಲೆಯಲ್ಲಿ ಓದುವ ನನ್ನ ಮೊಮ್ಮಕ್ಕಳಿಗೆ ಮುತ್ತಜ್ಜಿಯ ಕನ್ನಡ ದೊರೆಯುವುದು ಅದೊಂದರಲ್ಲೇ. ಆದರೆ ದನಿ ಬಹಳ ಸಣ್ಣದು. ಆಂಪ್ಲಿಫೈಯರಿನ ಗುಂಯ್‌ಕಾರದಲ್ಲಿ ಸಾಲುಗಳ ಕೊನೆಯಕ್ಷರಗಳು ಮುಳುಗಿಹೋಗುತ್ತಿದ್ದವು.

ಇಂಥ ಹುಡುಕಾಟದ ಮೊದಲ ನಿಯಮ ಜೀವರಕ್ಷಣೆಯದು. ಒಳಗೆ ಸುಮಾರು 300 ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರಬಲ್ಲವು. ತಕ್ಕ ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರು ಸೊನ್ನೆ ತೋರಿಸಿದ ಬಳಿಕವೇ ಕೈಯಿಡಬೇಕು.

ಎರಡನೆಯದು ವಿಭಜನೆಯ ನಿಯಮ. ವಾಲ್ಯೂಮ್ ತಿರುಗಿಸಿದಂತೆ ಸದ್ದು ಏರಿಳಿದರೆ ಅದರ ಮೂಲ ವಾಲ್ಯೂಮಿಗಿಂತ ಹಿಂದಿದೆ, ಕದಲದಿದ್ದರೆ ಮುಂದಿದೆ. ನಮ್ಮದು ಕದಲಲಿಲ್ಲ. ವಿದ್ಯುತ್ ಆರಿಸಿ, ಮೊದಲ ಹಂತದ ಇಸಿಸಿ 83 ವಾಲ್ವನ್ನು ತೆಗೆದು ಮತ್ತೆ ಚಾಲೂ ಮಾಡಿದೆ. ಗುಂಯ್‌ಕಾರ ಹಾಗೆಯೇ ಇತ್ತು. ಅಂದಮೇಲೆ ದೋಷವು ಇಎಲ್ 84 ಇರುವ ಕೊನೆಯ ಹಂತದಲ್ಲಿ, ಇಲ್ಲವೇ ವಿದ್ಯುತ್ ಪೂರೈಕೆಯಲ್ಲಿ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಕಂಪಿಸುತ್ತದೆ. ಹೀಟರ್ ತಂತಿಗಳಿಂದ ನುಸುಳುವ ಸದ್ದು ಸಾಮಾನ್ಯವಾಗಿ ಅದೇ ಶ್ರುತಿಯದು. ಪೂರ್ಣತರಂಗ ರೆಕ್ಟಿಫೈಯರಿನ ನಂತರ ಉಳಿಯುವ ಅಲೆ 100ರದು, ಅಂದರೆ ಒಂದು ಸಪ್ತಕ ಮೇಲಿನದು. ಹಾರ್ಮೋನಿಯಂ ಬಲ್ಲ ಕಿವಿಗೆ ಈ ಭೇದ ಕಷ್ಟವಲ್ಲ. ಇಲ್ಲಿದ್ದುದು ಮೇಲಿನ ಶ್ರುತಿ. ಫಿಲ್ಟರ್ ಕೆಪಾಸಿಟರ್ ಒಣಗಿ ಶಕ್ತಿಗುಂದಿತ್ತು. ಅದನ್ನು ಬದಲಿಸಿದೊಡನೆ ಗುಂಯ್‌ಕಾರ ಅಡಗಿತು.

ಆಗ ಅದರ ಮರೆಯಲ್ಲಿದ್ದ ಇನ್ನೊಂದು ದೋಷ ಬಯಲಾಯಿತು: ಏರುದನಿ ಒಡೆಯುತ್ತಿತ್ತು. ಇಎಲ್ 84ರ ಗ್ರಿಡ್ಡಿನಲ್ಲಿ ಸೊನ್ನೆಯ ಸಮೀಪವಿರಬೇಕಾದ ವೋಲ್ಟೇಜು 4ಕ್ಕೆ ಏರಿತ್ತು. ವಾಲ್ವನ್ನು ಕಿತ್ತರೂ ಅದು ಇಳಿಯಲಿಲ್ಲ. ಆದ್ದರಿಂದ ದೋಷ ವಾಲ್ವಿನದಲ್ಲ. ಎರಡು ಹಂತಗಳ ನಡುವಣ ಕಪ್ಲಿಂಗ್ ಕೆಪಾಸಿಟರ್ ನಾದವನ್ನು ದಾಟಿಸಿ ನೇರ ವಿದ್ಯುತ್ತನ್ನು ತಡೆಯಬೇಕು, ಅದು ಸೋರುತ್ತಿತ್ತು. ಹಾಗೆಯೇ ಬಿಟ್ಟರೆ ವಾಲ್ವು ಕೆಂಪಗೆ ಕಾದು ಹಾಳಾಗುತ್ತದೆ. ಅದನ್ನೂ ಬದಲಿಸಿದೆ. ಆಗಾಗ ಸಿಡಿಯುತ್ತಿದ್ದ ಚಟಪಟವು ಆನೋಡಿನ ಹಳೆಯ ಕಾರ್ಬನ್ ರೆಸಿಸ್ಟರಿನೊಂದಿಗೆ ಹೊರಟುಹೋಯಿತು.

ಇಷ್ಟಾದರೂ ಹಾಡಿನ ಹಿಂದೆ ತಗ್ಗಿದ ಗುಡುಗೊಂದು ಉಳಿಯಿತು. ವಾಲ್ಯೂಮ್ ಇಳಿಸಿದೆ; ಅದೂ ಇಳಿಯಿತು. ಕ್ಯಾಸೆಟ್ ನಿಲ್ಲಿಸಿದೆ, ಅದೂ ನಿಂತಿತು. ಮತ್ತೆ ಹಚ್ಚಿದಾಗ ಪದದ ಲಯಕ್ಕೆ ಸರಿಯಾಗಿ ಸುತ್ತತೊಡಗಿತು. ಅವ್ವ ಜೋಳ ಬೀಸುತ್ತಲೇ ಹಾಡಿದ್ದಳು.

“ಈ ಸದ್ದನ್ನೂ ತೆಗೆಯುತ್ತೀರಾ ಅಜ್ಜ?” ಎಂದು ಮೊಮ್ಮಗಳು ಕೇಳಿದಳು. ಅದು ಬೀಸುಕಲ್ಲಿನ ಸದ್ದೆಂದು ಹೇಳಿದೆ. ಆ ಶಬ್ದವನ್ನು ಅವಳು ಎರಡು ಬಾರಿ ಉಚ್ಚರಿಸಿ ನೋಡಿ, ವಾಲ್ಯೂಮನ್ನು ತುಸು ಏರಿಸಿದಳು.