ತಟ್ಟೆಯ ಅಂಚಿನ ಮೇಲೆ

ಮಲ್ಲೇಶ್ವರದ ಸೇವಾಸದನದ ವೇದಿಕೆ. ಮುಡಿದ ಮಲ್ಲಿಗೆ ಬಾಡಿ, ಬೆವರಿನ ಜೊತೆ ಬೆರೆತು ಮೂಗಿಗೆ ಅಡರುತ್ತಿದೆ. ಇಷ್ಟು ಹೊತ್ತು ಕುಣಿದ ತೊಡೆಗಳು ಆಗಲೇ ನಡುಗುತ್ತಿವೆ. ಕೂಚಿಪುಡಿ ಕಛೇರಿಯಲ್ಲಿ ತರಂಗ, ಅಂದರೆ ತಟ್ಟೆಯ ಅಂಚಿನ ಮೇಲೆ ನಿಂತು ಕುಣಿಯುವ ಭಾಗ, ಸಾಮಾನ್ಯವಾಗಿ ಬರುವುದೇ ಕೊನೆಯ ಹೊತ್ತಿಗೆ, ಕಾಲು ಸೋತ ಮೇಲೆ. ಹಿಂದೆ ನಾರಾಯಣತೀರ್ಥರ ‘ಕೃಷ್ಣಲೀಲಾ ತರಂಗಿಣಿ’ಯ ಹಾಡು ನಡೆದಿದೆ. ನಿಮ್ಮ ನೆತ್ತಿಯ ಮೇಲೆ ನೀರಿನ ಚೊಂಬು, ಮುಂದೆ ಹಿತ್ತಾಳೆ ತಟ್ಟೆ.

ಹತ್ತುತ್ತೀರಿ. ಅಂಚು ಅಂಗಾಲನ್ನು ಕೊರೆಯುತ್ತದೆ. ಬೆರಳುಗಳು ಅದನ್ನು ಕಚ್ಚಿ ಹಿಡಿಯುತ್ತವೆ. ಒಮ್ಮೆ ಕೆಳಗೆ ನೋಡಿಬಿಡೋಣ ಎನಿಸುತ್ತದೆ. ನೋಡಿದರೆ ತಲೆ ಬಾಗುತ್ತದೆ, ಚೊಂಬು ಉರುಳುತ್ತದೆ. ಹಾಗಾಗಿ ಸಭಾಂಗಣದ ಕೊನೆಯ ಬಾಗಿಲಿನ ಮೇಲಿನ ಪುಟ್ಟ ದೀಪದ ಮೇಲೆ ಕಣ್ಣು ನೆಡುತ್ತೀರಿ.

ನಟುವಾಂಗದ ತಾಳ ಬಿತ್ತು. ತಕಧಿಮಿ! ಭಾರ ಬಲಕ್ಕೆ, ಎಡ ಅಂಚು ತಿರುಗಿತು. ಭಾರ ಎಡಕ್ಕೆ, ಬಲ ಅಂಚು ತಿರುಗಿತು. ಹಿತ್ತಾಳೆ ನೆಲವನ್ನು ಕರಕರ ಉಜ್ಜುತ್ತದೆ. ಕಿವಿಯೊಳಗೂ ನೀರಿದೆ: ಒಂದೊಂದು ಕಿವಿಯಲ್ಲೂ ಮೂರು ಅರ್ಧವೃತ್ತದ ನಾಳಗಳು, ಅವುಗಳಲ್ಲಿ ದ್ರವ. ತಲೆ ತಿರುಗಿದಾಗ ಅದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಕಣ್ಣು ಇನ್ನೊಂದು ಸುದ್ದಿ ಕೊಡುತ್ತದೆ, ಅಂಗಾಲು-ಕೀಲುಗಳು ಮತ್ತೊಂದು. ಮೂರೂ ತಾಳೆಯಾದರೆ ನಿಂತಿರುತ್ತೀರಿ.

ಜತಿ ದ್ರುತಗತಿಗೆ ಏರಿತು. ಪಕ್ಕದ ದೀಪ ಕಣ್ಣಿಗೆ ರಾಚಿತು. ಬಾಗಿಲಿನ ದೀಪ ಮಾಯ! ಒಂದು ಸಾಕ್ಷಿ ಹೋಯಿತು. ಚೊಂಬಿನಲ್ಲಿ ನೀರು ಎಡಕ್ಕೆ ತುಳುಕಿತು. ತಣ್ಣನೆಯ ಒಂದು ಹನಿ ಕಿವಿಯ ಹಿಂದೆ ಇಳಿಯಿತು. ಎದೆ ಬಾಯಿಗೆ ಬಂತು. ಕತ್ತು ಬಲಕ್ಕೆ ವಾಲಲು ಹವಣಿಸುತ್ತದೆ. ಬೇಡ. ಮಂಡಿ, ಮಂಡಿ! ಎಡ ಮಂಡಿ ಒಂದಿಷ್ಟು ಬಾಗಿತು. ಸೊಂಟ ತಟ್ಟೆಯ ನಡುವಿಗೆ ಬಂತು. ಚೊಂಬು ನಿಂತಿತು.

ಆ ಮಂಡಿಗೆ ಇದನ್ನು ಕಲಿಸಿದ್ದು ಅರೆಮಂಡಿ, ಮಂಡಿ ಬಗ್ಗಿಸಿ ಸೊಂಟ ಇಳಿಸಿ ನಿಲ್ಲುವ ಭಂಗಿ. ಸೊಂಟ ಇಳಿಸಿದರೆ ದೇಹದ ಗುರುತ್ವಕೇಂದ್ರವೂ ಇಳಿಯುತ್ತದೆ. ಆ ಭಂಗಿಯಲ್ಲೇ ವರ್ಷಗಟ್ಟಲೆ ಅಡವು ಹಾಕಿದ ಕಾಲಿಗೆ, ದೇಹ ವಾಲಿದ್ದು ಯೋಚಿಸುವ ಮೊದಲೇ ತಿಳಿಯುತ್ತದೆ. ಕಣ್ಣು ಕೈಕೊಟ್ಟರೂ ತಿಳಿಯುತ್ತದೆ. ಬೆನ್ನು ಬಗ್ಗಿಸಿ ಸೊಂಟ ಇಳಿಸಿದಂತೆ ನಟಿಸಿದವರಿಗೆ ಮಾತ್ರ ಇದು ದಕ್ಕುವುದಿಲ್ಲ.

ತಟ್ಟೆಯ ಕುಣಿತವನ್ನು ಸರ್ಕಸ್ ಎಂದು ಮೂಗು ಮುರಿಯುವ ರಸಿಕರಿದ್ದಾರೆ. ಚಪ್ಪಾಳೆ ಗಿಟ್ಟಿಸಲೆಂದೇ ಅದನ್ನು ಎಳೆದಾಡುವವರನ್ನು ನೋಡಿದರೆ ಆ ಮಾತು ಪೂರ್ತಿ ಸುಳ್ಳೂ ಅಲ್ಲ. ನೀವು ಪ್ರೇಕ್ಷಕರಾಗಿ ಹೋದಾಗ ಚೊಂಬನ್ನು ಬಿಟ್ಟು ಮಂಡಿಗಳನ್ನು ನೋಡಿ. ಕಲಿತವರು ಯಾರು, ಕಸರತ್ತು ಮಾಡುವವರು ಯಾರು ಎಂಬುದು ಅಲ್ಲಿ ಗೊತ್ತಾಗುತ್ತದೆ.