ಸೈಕಲ್ ಕಲಿತ ಮೇಲೆ ಸಿಕ್ಕ ಊರು

ನೆದರ್ಲೆಂಡ್ಸಿನ ಐಂಡ್‌ಹೋವನ್‌ಗೆ ನಾನು ಬಂದದ್ದು ಗಂಡನ ವೀಸಾದ ಮೇಲೆ, ಚಳಿಗಾಲದ ಹೊಸ್ತಿಲಲ್ಲಿ. ಪಕ್ಕದ ವೆಲ್ಡ್‌ಹೋವನ್‌ನಲ್ಲಿ ಚಿಪ್ ಯಂತ್ರ ತಯಾರಿಸುವ ಎಎಸ್‌ಎಂಎಲ್ ಇರುವುದರಿಂದ ನಮ್ಮ ಕಡೆಯ ಎಂಜಿನಿಯರುಗಳೂ ಇಲ್ಲಿಗೆ ಬರುತ್ತಾರೆ. ಬೆಳಿಗ್ಗೆ ಅವರು ಸೈಕಲ್ ಏರಿ ಹೊರಟರೆ ಮನೆಯಲ್ಲಿ ಉಳಿಯುವವರು ನನ್ನಂಥ ಹೆಂಗಸರು.

ಡಿಸೆಂಬರಿನಲ್ಲಿ ಬೆಳಿಗ್ಗೆ 8.30 ಆದರೂ ಸೂರ್ಯ ಹುಟ್ಟಿರುವುದಿಲ್ಲ; ಸಂಜೆ 4.30ರ ಹೊತ್ತಿಗೆ ಮುಳುಗಿರುತ್ತಾನೆ. ಸಂಜೆ ಗಂಡ ಬರುವ ತನಕ ಒಂದು ಮಾತೂ ಆಡದ ದಿನಗಳಿದ್ದವು. ರಾತ್ರಿ ನಿದ್ದೆಯಿಲ್ಲ, ಹಗಲು ಏಳಲು ಮನಸ್ಸಿಲ್ಲ, ಸೊಂಟ ಮೊಣಕಾಲೆಲ್ಲ ನೋವು. ಅಮ್ಮ ಫೋನ್ ಮಾಡಿದರೆ ‘ಚೆನ್ನಾಗಿದ್ದೀನಿ’ ಅನ್ನುತ್ತಿದ್ದೆ. ಪಾರ್ಕಿಗೆ ನಡೆಯಲು ಹೋದಾಗ ಒಮ್ಮೆ ಇಬ್ಬರು ಹುಡುಗರು ನನ್ನ ಚೂಡಿದಾರ ನೋಡಿ ನಕ್ಕು, ‘ನಿನ್ನ ದೇಶಕ್ಕೆ ಹೋಗು’ ಎಂದು ಇಂಗ್ಲಿಷಿನಲ್ಲಿ ಕೂಗಿದರು. ಅಂದಿನಿಂದ ಅದೂ ನಿಂತಿತು.

ಈ ದೇಶದಲ್ಲಿ ಜನರಿಗಿಂತ ಸೈಕಲ್‌ಗಳೇ ಹೆಚ್ಚು. ಶಾಲೆ, ಅಂಗಡಿ, ಲೈಬ್ರರಿ, ಎಲ್ಲದಕ್ಕೂ ಸೈಕಲ್ಲೇ. ನನಗೆ ಅದು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಸೈಕಲ್ ಅಣ್ಣನದು. 2006ರಲ್ಲಿ ಕರ್ನಾಟಕ ಸರ್ಕಾರ ಎಂಟನೇ ತರಗತಿ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡುವಷ್ಟರಲ್ಲಿ ನನ್ನ ಹೈಸ್ಕೂಲು ಮುಗಿದಿತ್ತು.

ವಲಸೆ ಬಂದ ಹೆಂಗಸರಿಗೆ ಮೈದಾನದಲ್ಲಿ ಸೈಕಲ್ ಕಲಿಸುವ ತರಗತಿಗೆ ನನ್ನನ್ನು ಕರೆದೊಯ್ದವಳು ಪಕ್ಕದ ಮನೆಯ ಟರ್ಕಿಯಾಕೆ. ಸಿರಿಯಾ, ಮೊರಾಕ್ಕೊ, ಸೊಮಾಲಿಯಾದವರೆಲ್ಲ ಅಲ್ಲಿದ್ದರು. ಸೀಟು ತಗ್ಗಿಸಿ, ಮೊದಲು ಕಾಲಿನಿಂದ ನೆಲ ಒದೆಯುತ್ತಾ ಸಾಗುವುದು. ಆಮೇಲೆ ಒಂದು ಕಾಲು ಪೆಡಲಿಗೆ. ಕಲಿಯಲು ಕೊಟ್ಟ ಸೈಕಲ್ಲಿಗೆ ಕೈಬ್ರೇಕ್ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಅದೇ ಬ್ರೇಕು. ಹೆದರಿದಾಗಲೆಲ್ಲ ನನ್ನ ಕಾಲು ತಾನಾಗಿ ಹಿಂದಕ್ಕೆ ಹೋಗಿ ಸೈಕಲ್ ಗಕ್ಕನೆ ನಿಲ್ಲುತ್ತಿತ್ತು, ನಾನು ಪಕ್ಕಕ್ಕೆ ಉರುಳುತ್ತಿದ್ದೆ. ಅಂಗೈ ತರಚಿತು, ಮೊಣಕಾಲ ಕೆಳಗೆ ನೀಲಿಗಟ್ಟಿತು. ದಾರಿಹೋಕರು ನಿಂತು ನೋಡುವಾಗ ನೆಲದಿಂದ ಏಳುವುದೇ ಎಲ್ಲಕ್ಕಿಂತ ಕಷ್ಟ. ಸಿರಿಯಾದ ಹೆಂಗಸೊಬ್ಬಳು ಓಡಿಬಂದು ನನ್ನ ಪ್ಯಾಂಟಿನ ಮಣ್ಣು ಕೊಡವಿ, ಹರುಕುಮುರುಕು ಡಚ್‌ನಲ್ಲಿ ‘ಚಕ್ರ ನೋಡಬೇಡ, ಮುಂದೆ ನೋಡು’ ಅಂದಳು. ಅವಳು ಬಿದ್ದಾಗ ನಾನೂ ಅದನ್ನೇ ಹೇಳಿದೆ. ಪುಸ್ತಕದಿಂದ ಬಾರದ ಡಚ್ ಆ ಮೈದಾನದಲ್ಲಿ ನಾಲಿಗೆಗೆ ಬಂತು.

ಕೊನೆಗೆ ರಸ್ತೆಯ ಪಾಠ: ನೆಲದ ಮೇಲೆ ಬಳಿದ ಬಿಳಿ ತ್ರಿಕೋನಗಳ ಮೊನೆ ನಮ್ಮ ಕಡೆಗಿದ್ದರೆ ಅಡ್ಡರಸ್ತೆಯಲ್ಲಿ ಬರುವವರಿಗೆ ದಾರಿ ಬಿಡಬೇಕು. ವಸಂತದಲ್ಲಿ ಒಬ್ಬಳೇ ಹೋವನ್‌ರಿಂಗ್ ದಾಟಿದೆ. 2012ರಲ್ಲಿ ತೆರೆದ, 70 ಮೀಟರ್ ಕಂಬದಿಂದ ಉಕ್ಕಿನ ಹಗ್ಗಗಳಲ್ಲಿ ತೂಗುಬಿಟ್ಟ ದುಂಡನೆಯ ಸೈಕಲ್ ಸೇತುವೆ ಅದು. ಕಾರುಗಳು ಕೆಳಗೆ, ನಾವು ಮೇಲೆ. ಎದುರು ಬಂದ ಅಜ್ಜಿಯೊಬ್ಬರು ತಲೆಯಾಡಿಸಿ ನಮಸ್ಕಾರ ಹೇಳಿದರು, ನಾನೂ ಹೇಳಿದೆ.

ನಿದ್ದೆ ಮರಳಿತು. ಬೇಕರಿಯವರಿಗೆ ನನ್ನ ಮುಖ ಪರಿಚಯವಾಯಿತು. ಆ ಪಾರ್ಕಿಗೂ ಈಗ ಹೋಗುತ್ತೇನೆ, ಜೊತೆಗೆ ಗೆಳತಿಯರಿರುತ್ತಾರೆ. ‘ಜನರೊಂದಿಗೆ ಬೆರೆಯಬೇಕು’ ಎಂದು ಹೊಸಬರಿಗೆ ಉಪದೇಶ ಮಾಡುವವರು ಬಹಳ. ಮನೆಯಿಂದ ಹೊರಬೀಳುವ ದಾರಿ ತೋರಿಸುವವರು ಕಡಿಮೆ. ಹೆಂಡತಿಯನ್ನು ಕರೆಸಿಕೊಳ್ಳುವವರಿಗೆ ನನ್ನದೊಂದು ಕೋರಿಕೆ: ಅವಳಿಗೆ ಸೈಕಲ್ ಬರುತ್ತದೆಯೇ ಕೇಳಿ. ಬಾರದಿದ್ದರೆ ಬಂದ ವಾರವೇ ತರಗತಿ ಹುಡುಕಿ ಸೇರಿಸಿ. ಚಳಿಗಾಲ ಕಳೆಯಲಿ ಎಂದು ಕಾಯಬೇಡಿ.