ಬಾಡಿಗೆ ಕಟ್ಟಲಾಗದ ಶೂರ

ಅಮೆರಿಕದ ಸೂಪರ್‌ಹೀರೋ ಚಿತ್ರಗಳೆಂದರೆ ಹುಡುಗರ ಹುಚ್ಚು ಎಂದು ನಮ್ಮ ವಯಸ್ಸಿನ ಹೆಂಗಸರು ಮೂಗು ಮುರಿಯುವುದುಂಟು. ನಾನು ಮಾತ್ರ ಕುಳಿತು ನೋಡುವವಳು. ಎಲ್ಲವೂ ಚೆನ್ನಾಗಿರುತ್ತವೆ ಎಂದಲ್ಲ. ಎಷ್ಟೋ ಚಿತ್ರಗಳಲ್ಲಿ ಕಟ್ಟಡ ಉರುಳಿಸುವ ಗದ್ದಲವೇ ಮುಕ್ಕಾಲು ಪಾಲು. ಆದರೆ ಸ್ಯಾಮ್ ರೈಮಿ ನಿರ್ದೇಶಿಸಿದ 'ಸ್ಪೈಡರ್‌ಮ್ಯಾನ್ 2' (2004) ಚಿತ್ರವನ್ನು ಎಷ್ಟು ಬಾರಿ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ.

ಅದರ ನಾಯಕ ಪೀಟರ್ ಪಾರ್ಕರ್ ಗೋಡೆ ಹತ್ತಬಲ್ಲ, ಮನೆಬಾಡಿಗೆ ಕಟ್ಟಲಾರ. ಪಿಜ್ಜಾ ತಲುಪಿಸುವ ಕೆಲಸವನ್ನೂ ಕಳೆದುಕೊಳ್ಳುತ್ತಾನೆ. ಅವನನ್ನು ಸಾಕಿದ ದೊಡ್ಡಮ್ಮ ಮೇ, ಗಂಡ ತೀರಿಹೋದ ಮೇಲೆ ಮನೆ ಉಳಿಸಿಕೊಳ್ಳಲು ಹೆಣಗುತ್ತಿರುವವಳು. ಆದರೂ ಹುಟ್ಟುಹಬ್ಬಕ್ಕೆಂದು ಅವನ ಕೈಗೆ 20 ಡಾಲರ್ ಇಡುತ್ತಾಳೆ. ಅವನು ಬೇಡವೆಂದಾಗ ಸಿಡುಕುತ್ತಾಳೆ, ಮರುಕ್ಷಣವೇ ಕಣ್ಣೀರಿಡುತ್ತಾಳೆ. ತಿಂಗಳ ಕೊನೆಯಲ್ಲಿ ಊರಿಂದ ಬಂದ ನೆಂಟರ ಮಗುವಿನ ಕೈಗೆ ನೋಟು ತುರುಕಿದ ಯಾವ ಗೃಹಿಣಿಗೂ ಆ ಸಿಡುಕನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖಳನಾಯಕ ಡಾಕ್ಟರ್ ಆಕ್ಟೋಪಸ್ (ಆಲ್ಫ್ರೆಡ್ ಮೊಲಿನಾ) ಮೊದಲು ಸಜ್ಜನ ವಿಜ್ಞಾನಿ. ಹೆಂಡತಿ ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿನಿಯಾಗಿದ್ದವಳು, ಅವಳಿಗಾಗಿ ಟಿ.ಎಸ್. ಎಲಿಯಟ್ ಓದಿದರೂ ಅರ್ಥವಾಗಲಿಲ್ಲವೆಂದು ನಗುತ್ತಾನೆ. (ಬಿ.ಎ.ಯಲ್ಲಿ ನಮ್ಮ ತರಗತಿಯ ಗತಿಯೂ ಅದೇ!) ಪ್ರಯೋಗ ಕೈಮೀರಿ ಅವಳು ಸಾಯುತ್ತಾಳೆ. ಅವನ ಬೆನ್ನಿಗಂಟಿದ ನಾಲ್ಕು ಲೋಹದ ತೋಳುಗಳು ಅವನನ್ನೇ ಆಳತೊಡಗುತ್ತವೆ. ನಾಯಕ ತನ್ನ ಹೊಣೆಯನ್ನು ಬಿಟ್ಟುಬಿಡೋಣವೆಂದು ವೇಷವನ್ನು ಕಸದ ತೊಟ್ಟಿಗೆ ಎಸೆಯುತ್ತಾನೆ. ಇವನಿಗೆ ತನ್ನ ಕನಸನ್ನು ಬಿಡಲಾಗುವುದಿಲ್ಲ. ಕೊನೆಗೆ ಆ ಯಂತ್ರವನ್ನು ತಾನೇ ನದಿಯಲ್ಲಿ ಮುಳುಗಿಸಿ, ತಾನೂ ಮುಳುಗುತ್ತಾನೆ.

ನನ್ನ ಮಗನಿಗೆ 'ದಿ ಡಾರ್ಕ್ ನೈಟ್' (2008) ಚಿತ್ರದ ಜೋಕರನೇ ಮೇಲು. ಹೀತ್ ಲೆಡ್ಜರ್‌ಗೆ ಮರಣಾನಂತರ, 2009ರಲ್ಲಿ, ಆಸ್ಕರ್ ಬಂದ ಪಾತ್ರವದು. ತನ್ನ ಮುಖದ ಗಾಯದ ಕಥೆಯನ್ನು ಅವನು ಒಮ್ಮೆ ಹೇಳಿದಂತೆ ಇನ್ನೊಮ್ಮೆ ಹೇಳುವುದಿಲ್ಲ. ಷೇಕ್ಸ್‌ಪಿಯರನ ಇಯಾಗೋವಿನಂತೆ ಅವನ ಕೇಡಿಗೆ ಬುಡವೇ ಸಿಕ್ಕುವುದಿಲ್ಲ. ಎದೆ ನಡುಗುತ್ತದೆ ನಿಜ, ಮರುಕ ಹುಟ್ಟುವುದಿಲ್ಲ. ರನ್ನ ತನ್ನ ಕಾವ್ಯವನ್ನು 'ಸಾಹಸಭೀಮವಿಜಯ' ಎಂದು ಕರೆದರೂ ಓದುವವರ ಮನಸ್ಸು ದುರ್ಯೋಧನನ ಹಿಂದೆ ಹೋಗುತ್ತದಲ್ಲ, ಆ ರುಚಿ ಹತ್ತಿದವಳಿಗೆ ಜೋಕರ್ ಸಾಲದು.

2004ರಲ್ಲಿ ಮಗನಿಗೆ 8 ವರ್ಷ. ಈಗ ಬೇರೆ ಊರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದಾನೆ. ಫೋನಿನಲ್ಲಿ "ಎಲ್ಲಾ ಸರಿ ಇದೆ ಅಮ್ಮಾ" ಎನ್ನುತ್ತಾನೆ. ಪೀಟರನೂ ದೊಡ್ಡಮ್ಮನಿಂದ ಎಲ್ಲವನ್ನೂ ಮುಚ್ಚಿಟ್ಟವನೇ. ಹಾಗಾಗಿ ಈಗೀಗ ನಾನು ಕಾಯುವುದು ರೈಲಿನ ದೃಶ್ಯಕ್ಕೆ. ಓಡುವ ರೈಲನ್ನು ಬಲೆ ಬೀಸಿ ನಿಲ್ಲಿಸಿದ ಹುಡುಗ ಎಚ್ಚರತಪ್ಪುತ್ತಾನೆ. ಪ್ರಯಾಣಿಕರು ಅವನನ್ನು ಕೈಯಿಂದ ಕೈಗೆ ತಲೆಯ ಮೇಲೆಯೇ ಸಾಗಿಸಿ ಮಲಗಿಸುತ್ತಾರೆ. ಡೊಂಬಿವಲಿ ಲೋಕಲ್‌ನಲ್ಲಿ ಬಾಗಿಲಿಗೆ ಜೋತವರನ್ನು ಒಳಗೆಳೆದುಕೊಳ್ಳುವ ಕೈಗಳನ್ನು ನೀವೂ ಕಂಡಿರುತ್ತೀರಿ. ಮುಖವಾಡವಿಲ್ಲದ ಅವನನ್ನು ನೋಡಿ ಒಬ್ಬಾತ, ಇವನಿನ್ನೂ ಹುಡುಗ, ನನ್ನ ಮಗನಷ್ಟೂ ಇಲ್ಲ ಎನ್ನುತ್ತಾನೆ. ಇಬ್ಬರು ಚಿಕ್ಕ ಹುಡುಗರು ಮುಖವಾಡ ತಂದುಕೊಟ್ಟು, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡುತ್ತಾರೆ.